ಮುಂದಿನ ಚಕ್ರದ ಕಟಕಟ: ಹಳೆ ಸ್ವಿಫ್ಟ್‌ನಲ್ಲಿ ಸದ್ದಿನ ಮೂಲ ಹಿಡಿಯುವುದು ಹೇಗೆ

ಸಣ್ಣ ಗುಂಡಿ ಬಂದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ಕಟಕಟ ಅನ್ನುತ್ತದೆ. ದೊಡ್ಡ ಹಂಪ್ ಮೇಲೆ ನಿಧಾನವಾಗಿ, ನೇರವಾಗಿ ಹತ್ತಿಸಿದರೆ ಏನೂ ಇಲ್ಲ. ಸ್ವಲ್ಪ ಮುಂದೆ, ಪೈಪ್ ಹಾಕಲು ಅಗೆದು ಅರೆಬರೆ ಮುಚ್ಚಿದ ರಸ್ತೆ ಸಿಕ್ಕರೆ ಮತ್ತೆ ಶುರು. ಹತ್ತು ವರ್ಷ ದಾಟಿದ ಕಾರನ್ನು ದಿನಾ ಓಡಿಸುವವರಿಗೆಲ್ಲ ಈ ಸದ್ದು ಗೊತ್ತು. ಯಾರನ್ನು ಕೇಳಿದರೂ ಮೊದಲು ಬರುವ ಮಾತು, "ಶಾಕ್ ಹೋಗಿರಬೇಕು."

ಆದರೆ ಈ ಥರದ ಸದ್ದಿಗೆ ಶಾಕ್, ಅಂದರೆ ಗಾಡಿಯ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಕಾರಣವಾಗಿರುವುದು ಕಡಿಮೆ. ಶಾಕ್ ಹಾಳಾದರೆ ಗಾಡಿ ತೇಲುತ್ತದೆ, ಕುಣಿಯುತ್ತದೆ, ಬ್ರೇಕ್ ಹಾಕಿದಾಗ ಮೂತಿ ಜಾಸ್ತಿ ಬಗ್ಗುತ್ತದೆ. ಕಟಕಟ ಅನ್ನುವುದು ಸಾಮಾನ್ಯವಾಗಿ ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿದೆ ಅಂತ ಹೇಳುವ ಸದ್ದು. ಶಾಕ್ ಜೋಡಿಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ ಆ ಜಾಯಿಂಟ್ ಬದಲಾಗುತ್ತದೆ. ಯಾವ ಜಾಯಿಂಟ್ ಅಂತ ಹುಡುಕುವ ತಾಳ್ಮೆ ಬೇಕು, ಅಷ್ಟೇ. ಹುಡುಕದೇ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಇಲ್ಲಿ ಬರೆದಿರುವುದು 2005ರಲ್ಲಿ ನಮ್ಮ ರಸ್ತೆಗೆ ಬಂದ ಮೊದಲ ತಲೆಮಾರಿನ ಮಾರುತಿ ಸ್ವಿಫ್ಟ್ ಬಗ್ಗೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕೂ ಸ್ಪ್ರಿಂಗೂ ಒಂದೇ ಕಂಬವಾಗಿ ಸೇರಿರುವ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ). ಆ ಕಾಲದ ಡಿಜೈರ್, ರಿಟ್ಜ್ ಇಟ್ಟುಕೊಂಡವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಬೇರೆ ಕಂಪನಿಯ ಸಣ್ಣ ಕಾರುಗಳಲ್ಲೂ ಬಹುಪಾಲು ಇದೇ ಜೋಡಣೆ ಇರುವುದರಿಂದ ಪರೀಕ್ಷೆಯ ಕ್ರಮ ಹೊಂದುತ್ತದೆ. ಹಳೆ ಮಾರುತಿ 800 ಮತ್ತು ಹಳೆ ಆಲ್ಟೊದಲ್ಲಿ ಮಾತ್ರ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಲಿಂಕ್ ರಾಡ್ ಭಾಗದಲ್ಲಿ ಹೇಳಿದ್ದೇನೆ, ಬಿಡದೆ ಓದಿ.

ಸದ್ದು ಯಾವಾಗ ಬರುತ್ತದೆ?

ಪಾನಾ ಕೈಗೆ ತೆಗೆದುಕೊಳ್ಳುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮಗೆ ಚೆನ್ನಾಗಿ ಗೊತ್ತಿರುವ, ವಾಹನ ಕಡಿಮೆ ಇರುವ ಒಂದು ಕೆಟ್ಟ ರಸ್ತೆ ಆರಿಸಿಕೊಳ್ಳಿ. ಪ್ರತಿ ಪರೀಕ್ಷೆಗೂ ಅದೇ ರಸ್ತೆ, ಅದೇ ವೇಗ. ಕಿಟಕಿ ಇಳಿಸಿ, ಫ್ಯಾನ್ ಆಫ್ ಮಾಡಿ, ಪಕ್ಕದಲ್ಲಿ ಕಾಂಪೌಂಡ್ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಬಹಳ ಸ್ಪಷ್ಟವಾಗಿ ಕೇಳಿಸುತ್ತದೆ.

ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಸದ್ದಿಲ್ಲ, ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ಕಟಕಟ ಅಂದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಜರ್ ಬಾರಿನ ಡಿ-ಬುಷ್ ಮೇಲೆ ಅನುಮಾನ (ಇವು ಏನು ಅಂತ ಲಿಂಕ್ ರಾಡ್ ಭಾಗದಲ್ಲಿ ಹೇಳಿದ್ದೇನೆ). ಬ್ರೇಕ್ ಒತ್ತಿದ ಕ್ಷಣ ಒಂದೇ ಒಂದು ಸಲ "ಧಡ್" ಅಂದು, ಆಮೇಲೆ ರಿವರ್ಸ್ ತೆಗೆದು ಬ್ರೇಕ್ ಒತ್ತಿದಾಗ ಇನ್ನೊಂದು ಸಲ "ಧಡ್" ಅಂದರೆ ಲೋವರ್ ಆರ್ಮ್ ಬುಷ್, ಅಂದರೆ ಚಕ್ರದ ಬುಡವನ್ನು ಬಾಡಿಗೆ ಸೇರಿಸುವ ತೋಳಿನ ರಬ್ಬರ್ ಜಾಯಿಂಟ್, ನೋಡಬೇಕು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಕೊಸರಿಕೊಂಡ ಹಾಗೆ "ಟೊಯ್ಂ" ಅಂದರೆ ಸ್ಟ್ರಟ್‌ನ ಮೇಲಿನ ಮೌಂಟ್ ಅಥವಾ ಅದರ ಬೇರಿಂಗ್. ಸದ್ದಿನ ಜೊತೆ ಸ್ಟೀರಿಂಗ್ ಹಿಡಿದ ಕೈಗೂ ಸಣ್ಣ ಏಟು ಗೊತ್ತಾದರೆ ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಒಯ್ಯುವ ಭಾಗಗಳು: ಚಕ್ರದ ಕಡೆಯ ಟೈ ರಾಡ್ ಎಂಡ್, ಒಳಗಡೆಯ ರ‍್ಯಾಕ್ ಎಂಡ್ ಅಥವಾ ರ‍್ಯಾಕ್.

ಇನ್ನೆರಡು ಸದ್ದುಗಳು ಸಸ್ಪೆನ್ಷನ್‌ಗೆ ಸೇರಿದವಲ್ಲ, ಆದರೆ ಜನ ಇದರ ಜೊತೆ ಸೇರಿಸಿಬಿಡುತ್ತಾರೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಲಯಬದ್ಧವಾಗಿ "ಟಕ್ ಟಕ್ ಟಕ್" ಅಂದರೆ ಅದು ಡ್ರೈವ್ ಶಾಫ್ಟ್‌ನ ಹೊರಗಿನ ಜಾಯಿಂಟ್. ವೇಗ ಏರಿದ ಹಾಗೆ ಏರುವ "ಗೊಂಯ್" ಅನ್ನುವ ಸದ್ದು ಬಹುಮಟ್ಟಿಗೆ ವೀಲ್ ಬೇರಿಂಗ್, ಇಲ್ಲವೇ ಏರುಪೇರಾಗಿ ಸವೆದ ಟೈರ್. ಬೇರಿಂಗ್ ಆದರೆ ತಿರುವಿನಲ್ಲಿ ಸದ್ದು ಬದಲಾಗುತ್ತದೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ನೋಡಿ.

ಸುಲಭವಾದದ್ದನ್ನು ಮೊದಲು ಮುಗಿಸಿ

ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜಾಕ್, ಟೂಲ್ ಬ್ಯಾಗ್ ಎಲ್ಲ ಹೊರಗೆ ತೆಗೆದು ಒಂದು ಸುತ್ತು ಹೋಗಿ ಬನ್ನಿ. ಹಿಂದಿನ ಸೀಟಿನ ಲಾಕ್ ಸಡಿಲವಾಗಿದ್ದರೂ ಥೇಟ್ ಸಸ್ಪೆನ್ಷನ್ ಸದ್ದೇ ಬರುತ್ತದೆ. ಬಾನೆಟ್ ಎತ್ತಿ ಬ್ಯಾಟರಿಯನ್ನು ಕೈಯಿಂದ ಅಲ್ಲಾಡಿಸಿ. ಸೈಲೆನ್ಸರ್ ಪೈಪ್ ತಣ್ಣಗಿರುವಾಗ ಹಿಡಿದು ಅಲ್ಲಾಡಿಸಿ, ಅದನ್ನು ನೇತುಹಾಕಿರುವ ರಬ್ಬರ್ ಹರಿದಿದೆಯಾ ನೋಡಿ. ಟೈರಿನ ಗಾಳಿಯನ್ನು ಕಾರಿನ ಮೇಲೆ ಅಂಟಿಸಿರುವ ಸ್ಟಿಕರ್ ಪ್ರಕಾರ ತುಂಬಿಸಿ. ಗಾಳಿ ಜಾಸ್ತಿ ಇದ್ದರೆ ಪ್ರತಿ ಕಲ್ಲೂ ಏಟು ಕೊಟ್ಟ ಹಾಗೆ ಅನ್ನಿಸುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿ ಸಂಖ್ಯೆ ಇರುತ್ತದೆ, 2316 ಅಂದರೆ 2016ನೇ ವರ್ಷದ 23ನೇ ವಾರ. ಅಷ್ಟು ಹಳೆಯ ಟೈರ್ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಅದರ ಮೇಲೆ ಎಷ್ಟು ಒಳ್ಳೆ ಸಸ್ಪೆನ್ಷನ್ ಕೂರಿಸಿದರೂ ಹಿತ ಅನ್ನಿಸುವುದಿಲ್ಲ.

ಆಮೇಲೆ ಬ್ರೇಕ್ ಪರೀಕ್ಷೆ. ಇದು ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಒಂದು ರೂಪಾಯಿ ಖರ್ಚಿಲ್ಲದೆ ಒಂದು ದೊಡ್ಡ ಅನುಮಾನ ಪರಿಹಾರವಾಗುತ್ತದೆ. ಅದೇ ಕೆಟ್ಟ ರಸ್ತೆಯಲ್ಲಿ ಹೋಗುತ್ತಾ ಬ್ರೇಕ್ ಪೆಡಲ್ ಮೇಲೆ ಎಡಗಾಲನ್ನು ಮೆಲ್ಲಗೆ ಇಡಿ. ಗಾಡಿ ನಿಲ್ಲುವಷ್ಟು ಒತ್ತಬೇಡಿ, ಪ್ಯಾಡ್ ಡಿಸ್ಕಿಗೆ ತಾಗುವಷ್ಟು ಸಾಕು. ಹಿಂದೆ ಯಾರೂ ಇಲ್ಲದಾಗ ಮಾತ್ರ ಇದನ್ನು ಮಾಡಿ. ಕಟಕಟ ತಟ್ಟನೆ ನಿಂತರೆ ಸದ್ದು ಬ್ರೇಕ್ ಪ್ಯಾಡ್ ಅಥವಾ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನದು. ಪ್ಯಾಡ್ ಹಿಡಿದಿಡುವ ತೆಳು ಕ್ಲಿಪ್ ಬಿದ್ದುಹೋಗಿರಬಹುದು, ಕ್ಯಾಲಿಪರಿನ ಪಿನ್ ಸವೆದಿರಬಹುದು, ಇಲ್ಲವೇ ಪ್ಯಾಡ್ ಬದಲಾಯಿಸಿದವರು ಹಳೆ ಕ್ಲಿಪ್ ವಾಪಸ್ ಹಾಕದೇ ಬಿಟ್ಟಿರಬಹುದು. ಬ್ರೇಕ್ ಒತ್ತಿದರೂ ಸದ್ದು ಹಾಗೇ ಇದ್ದರೆ ಮುಂದೆ ಹೋಗೋಣ.

ಗಾಡಿ ಎತ್ತುವ ಮುಂಚೆ

ಇದು ತಮಾಷೆಯ ವಿಷಯ ಅಲ್ಲ. ಸಮತಟ್ಟಾದ ಗಟ್ಟಿ ನೆಲ ಬೇಕು. ಮಣ್ಣಿನ ಅಂಗಳ, ಇಳಿಜಾರಿನ ಪೋರ್ಟಿಕೊ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಚಕ್ರದ ನಟ್‌ಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ತಕ್ಷಣ ಬಾಡಿಯ ಗಟ್ಟಿ ಜಾಗದ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಇಡಬೇಡಿ. ಅವು ಮೊದಲೇ ಸೂಚನೆ ಕೊಟ್ಟು ಬಿರಿಯುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಜಾಕ್ ಸ್ಟ್ಯಾಂಡ್ ಜೋಡಿ ಇಲ್ಲದಿದ್ದರೆ ಈ ಕೈಪಿಡಿಯ ಮುಂದಿನ ಯಾವ ಕೆಲಸವನ್ನೂ ಮಾಡಬೇಡಿ. ಅದು ಇಡೀ ಟೂಲ್ ಬಾಕ್ಸಿನಲ್ಲಿ ಮೊದಲು ಕೊಳ್ಳಬೇಕಾದ ವಸ್ತು.

ಕರಾವಳಿಯ ಗಾಡಿಗಳಿಗೂ ಮಳೆಗಾಲ ಪೂರ್ತಿ ಮಲೆನಾಡಿನಲ್ಲಿ ಓಡುವ ಗಾಡಿಗಳಿಗೂ ತುಕ್ಕಿನ ಕಾಟ ಜಾಸ್ತಿ. ಹಿಂದಿನ ರಾತ್ರಿಯೇ ಬೋಲ್ಟ್‌ಗಳ ಮೇಲಿನ ಮಣ್ಣನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಗ್ಗೆ ಇನ್ನೊಮ್ಮೆ ಹೊಡೆಯಿರಿ. ಬಿಗಿದುಕೊಂಡ ನಟ್‌ಗೆ ಸುಮ್ನೆ ಬಲ ಹಾಕಿದರೆ ಬೋಲ್ಟ್ ತುಂಡಾಗುತ್ತದೆ, ಅರ್ಧ ಗಂಟೆಯ ಕೆಲಸ ಎರಡು ದಿನ ಎಳೆಯುತ್ತದೆ.

ಲಿಂಕ್ ರಾಡ್: ಮೊದಲ ಅನುಮಾನ ಇಲ್ಲಿ

ಸ್ಟೆಬಿಲೈಜರ್ ಬಾರ್ ಅಂದರೆ ಎಡ ಚಕ್ರದಿಂದ ಬಲ ಚಕ್ರದವರೆಗೆ ಅಡ್ಡಲಾಗಿ ಹೋಗುವ ಬಾಗಿದ ಸ್ಪ್ರಿಂಗ್ ಸ್ಟೀಲ್ ಸರಳು. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲದಂತೆ ತಡೆಯುವುದು ಅದರ ಕೆಲಸ. ನಡುವೆ ಎರಡು ಕಡೆ ಡಿ ಆಕಾರದ ರಬ್ಬರ್ ಬುಷ್ ಅದನ್ನು ಹಿಡಿದಿರುತ್ತದೆ. ಎರಡು ತುದಿಯಲ್ಲೂ ಒಂದೊಂದು ಲಿಂಕ್ ರಾಡ್, ಅದರ ಮೇಲಿನ ತುದಿ ಸ್ಟ್ರಟ್‌ಗೆ ಬೋಲ್ಟ್ ಆಗಿರುತ್ತದೆ. ಲಿಂಕ್ ರಾಡ್‌ನ ಎರಡೂ ತುದಿಯಲ್ಲಿ ಅಡಿಕೆ ಗಾತ್ರದ ಸಣ್ಣ ಬಾಲ್ ಜಾಯಿಂಟ್.

ಎರಡೂ ಚಕ್ರ ಒಟ್ಟಿಗೆ ಏರಿ ಇಳಿದರೆ ಬಾರ್ ಪೂರ್ತಿಯಾಗಿ ಡಿ-ಬುಷ್‌ನೊಳಗೆ ತಿರುಗುತ್ತದೆ, ತಿರುಚಿಕೊಳ್ಳುವುದಿಲ್ಲ. ಲಿಂಕ್ ಮೇಲೆ ಬಲ ಬೀಳುವುದೇ ಕಮ್ಮಿ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದರೆ ಬಾರ್ ತಿರುಚಿಕೊಂಡು ಲಿಂಕನ್ನು ಒಮ್ಮೆ ಎಳೆಯುತ್ತದೆ, ಒಮ್ಮೆ ತಳ್ಳುತ್ತದೆ. ಒಳಗಿನ ಗೋಲಿ ಸವೆದು ಕೂದಲೆಳೆಯಷ್ಟು ಜಾಗ ಬಿದ್ದಿದ್ದರೂ ಪ್ರತಿ ಸಲ ಟಕ್ ಅನ್ನುತ್ತದೆ. ನೇರ ಹಂಪ್‌ನಲ್ಲಿ ಸುಮ್ಮನಿದ್ದು ಕಿತ್ತುಹೋದ ರಸ್ತೆಯಲ್ಲಿ ಕಟಕಟ ಅನ್ನುವುದು ಇದೇ ಕಾರಣಕ್ಕೆ. ಲಿಂಕ್ ನೇರ ಸ್ಟ್ರಟ್‌ನ ಕೊಳವೆಗೇ ಕೂತಿರುವುದರಿಂದ ಆ ಸದ್ದು ಸ್ಟ್ರಟ್ ಹಿಡಿದು ಮೇಲೆ ಹೋಗಿ ಡ್ಯಾಶ್‌ಬೋರ್ಡ್ ಹಿಂದೆ ಕೇಳಿಸುತ್ತದೆ. ಒಳಗೆ ಕೂತವರಿಗೆ ಶಾಕ್ ಬಡಿದ ಹಾಗೇ ಅನ್ನಿಸುತ್ತದೆ. ಶಾಕ್ ಮೇಲೆ ಅಪವಾದ ಬರುವುದು ಹೀಗೆ.

ಪರೀಕ್ಷೆಯಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಕಡೆ ಜಾಕ್ ಹಾಕಿ ಚಕ್ರ ನೇತಾಡುತ್ತಿರುವಾಗ ಲಿಂಕ್ ಅಲ್ಲಾಡಿಸಿದರೆ ಅದು ಗಟ್ಟಿಯಾಗಿಯೇ ಇರುತ್ತದೆ. ಬಾರ್ ತಿರುಚಿಕೊಂಡು ಜಾಯಿಂಟನ್ನು ಒಂದು ಕಡೆಗೆ ಒತ್ತಿ ಹಿಡಿದಿರುತ್ತದೆ. "ಲಿಂಕ್ ಸರಿಯಾಗಿದೆ" ಅಂತ ತಪ್ಪು ತೀರ್ಮಾನ ಆಗುವುದು ಇಲ್ಲೇ. ಮುಂದಿನ ಎರಡೂ ಚಕ್ರ ಮೇಲೆ ಇರಬೇಕು, ಇಲ್ಲವೇ ಎರಡೂ ನೆಲದ ಮೇಲೆ ಇರಬೇಕು.

ನಾನು ನೆಲದ ಮೇಲೆ ಇಟ್ಟು ನೋಡುವುದೇ ಹೆಚ್ಚು. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದರೆ ಚಕ್ರದ ಹಿಂದೆ ಕೈ ಹೋಗುವಷ್ಟು ಜಾಗ ಆಗುತ್ತದೆ. ಎಂಜಿನ್ ಆಫ್ ಮಾಡಿ, ಕೀ ಜೇಬಿನಲ್ಲಿ ಇಟ್ಟುಕೊಳ್ಳಿ. ಎರಡು ಬೆರಳನ್ನು ಲಿಂಕ್‌ನ ಮೇಲಿನ ಜಾಯಿಂಟಿನ ರಬ್ಬರ್ ಟೋಪಿಯ ಮೇಲೆ ಇಡಿ, ಒಂದು ಬೆರಳು ರಾಡ್ ಮೇಲೆ, ಇನ್ನೊಂದು ಸ್ಟ್ರಟ್‌ನ ತಗಡಿನ ಮೇಲೆ. ಯಾರಾದರೂ ಒಬ್ಬರು ಗಾಡಿಯ ಚಾವಣಿ ಅಂಚು ಹಿಡಿದು ಎಡಕ್ಕೆ ಬಲಕ್ಕೆ ತೂಗಲಿ. ಜಾಯಿಂಟ್ ಚೆನ್ನಾಗಿದ್ದರೆ ರಾಡೂ ತಗಡೂ ಒಟ್ಟಿಗೆ ಸರಿಯುತ್ತವೆ. ಸವೆದಿದ್ದರೆ ಎರಡರ ನಡುವೆ "ಟಿಕ್" ಅಂತ ಸಣ್ಣ ಏಟು ಬೆರಳಿಗೆ ಗೊತ್ತಾಗುತ್ತದೆ. ಕಿವಿಗೆ ಕೇಳಿಸದಷ್ಟು ಸಣ್ಣದಾದರೂ ಬೆರಳಿಗೆ ತಪ್ಪುವುದಿಲ್ಲ. ಕೆಳಗಿನ ಜಾಯಿಂಟಿಗೂ ಇದನ್ನೇ ಮಾಡಿ. ರಬ್ಬರ್ ಟೋಪಿ ಹರಿದು ಗ್ರೀಸ್ ಹೊರಗೆ ಬಂದು ಮಣ್ಣು ಮೆತ್ತಿದ್ದರೆ ಆ ಜಾಯಿಂಟಿಗೆ ಆಯಸ್ಸು ಹೆಚ್ಚಿಲ್ಲ.

ಇನ್ನೂ ಅನುಮಾನ ಉಳಿದರೆ ಕೊನೆಯ ಪರೀಕ್ಷೆ. ಎರಡೂ ಕಡೆಯ ಲಿಂಕ್ ರಾಡ್‌ಗಳನ್ನು ಪೂರ್ತಿ ಬಿಚ್ಚಿ ತೆಗೆದಿಡಿ. ಬಾರಿನ ತುದಿ ಡ್ರೈವ್ ಶಾಫ್ಟ್‌ಗಾಗಲಿ ಟೈರ್‌ಗಾಗಲಿ ತಾಗದ ಹಾಗೆ ನೋಡಿಕೊಂಡು, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಖಚಿತ ಮಾಡಿಕೊಳ್ಳಿ. ಅದೇ ಕೆಟ್ಟ ರಸ್ತೆಯಲ್ಲಿ ಆಟೋ ಹೋಗುವಷ್ಟು ನಿಧಾನಕ್ಕೆ ಹೋಗಿ ಬನ್ನಿ. ಗಾಡಿ ವಾಲುವುದು ಜಾಸ್ತಿ ಆಗಿರುತ್ತದೆ, ಮುಖ್ಯ ರಸ್ತೆಗೆ ಹೋಗಬೇಡಿ. ಸದ್ದು ಪೂರ್ತಿ ಮಾಯವಾದರೆ ಲಿಂಕ್ ಅಥವಾ ಡಿ-ಬುಷ್ ಅಂತ ಖಾತ್ರಿ. ಸದ್ದು ಹಾಗೇ ಇದ್ದರೆ ಇವೆರಡನ್ನೂ ಪಟ್ಟಿಯಿಂದ ತೆಗೆಯಿರಿ.

ಈಗ ಆ ವ್ಯತ್ಯಾಸದ ಮಾತು. ಹಳೆ ಮಾರುತಿ 800, ಹಳೆ ಆಲ್ಟೊದಲ್ಲಿ ಈ ಲಿಂಕ್ ರಾಡ್ ಇರುವುದಿಲ್ಲ. ಸ್ಟೆಬಿಲೈಜರ್ ಬಾರಿನ ತುದಿಯೇ ಲೋವರ್ ಆರ್ಮ್‌ನೊಳಗೆ ಬುಷ್ ಮೂಲಕ ಹಾದು ನಟ್‌ನಿಂದ ಬಿಗಿದಿರುತ್ತದೆ. ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದೂ ಅದೇ ಬಾರ್. ಆ ಗಾಡಿಗಳಲ್ಲಿ ಬಾರ್ ಬಿಚ್ಚಿ ಒಂದು ಅಡಿಯೂ ಓಡಿಸಬಾರದು, ಬ್ರೇಕ್ ಹಾಕಿದರೆ ಚಕ್ರವೇ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಬುಷ್‌ಗಳನ್ನು ಕಣ್ಣಿನಿಂದ ನೋಡಿ, ಸಲಾಕೆಯಿಂದ ಮೀಟಿ ಮಾತ್ರ ಪರೀಕ್ಷಿಸಬೇಕು.

ಸ್ವಿಫ್ಟ್‌ನಲ್ಲಿ ಲಿಂಕ್ ಬದಲಾಯಿಸುವಾಗ ನಟ್ ಜೊತೆ ಒಳಗಿನ ಬಾಲ್ ಕೂಡ ಸುತ್ತುತ್ತದೆ. ಬೋಲ್ಟ್ ತುದಿಯಲ್ಲಿ ಅಲೆನ್ ಕೀ ಕೂರುವ ತೂತು ಇದ್ದರೆ ಅದನ್ನು ಹಿಡಿದು, ರಿಂಗ್ ಪಾನಾದಿಂದ ನಟ್ ತಿರುಗಿಸಿ. ತೂತಿನಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ, ಮೊಳೆಯಿಂದ ಕೆರೆದು ತೆಗೆಯದಿದ್ದರೆ ಕೀ ಜಾರಿ ತೂತು ಹಾಳಾಗುತ್ತದೆ. ಡಿ-ಬುಷ್ ಹಾಕುವಾಗ ಪೆಟ್ರೋಲಿಯಂ ಮೂಲದ ಗ್ರೀಸ್ ಹಚ್ಚಬೇಡಿ, ರಬ್ಬರ್ ಊದಿ ಹಾಳಾಗುತ್ತದೆ. ಬೇಕಾದರೆ ಸಿಲಿಕೋನ್ ಗ್ರೀಸ್ ಹಚ್ಚಿ.

ಚಕ್ರ ಹಿಡಿದು ಅಲ್ಲಾಡಿಸುವುದು

ಗಾಡಿಯನ್ನು ಬಾಡಿಯ ಜಾಗದಲ್ಲಿ ಎತ್ತಿ, ಚಕ್ರ ಗಾಳಿಯಲ್ಲಿ ನೇತಾಡುವಂತೆ ಬಿಡಿ. ಲೋವರ್ ಆರ್ಮ್ ಕೆಳಗೆ ಜಾಕ್ ಕೊಡಬೇಡಿ. ಈ ಜೋಡಣೆಯಲ್ಲಿ ಸ್ಪ್ರಿಂಗ್ ಭಾರ ಸ್ಟ್ರಟ್ ಮೇಲೆ ಬೀಳುತ್ತದೆ, ಬಾಲ್ ಜಾಯಿಂಟ್ ಮೇಲೆ ಬೀಳುವುದಿಲ್ಲ. ಚಕ್ರ ನೇತಾಡುವಾಗಲೇ ಅದರ ಸಡಿಲ ಬಯಲಾಗುವುದು.

ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಅಲ್ಲಾಟ ಇದ್ದರೆ ಒಬ್ಬರಿಗೆ ಬ್ರೇಕ್ ಗಟ್ಟಿಯಾಗಿ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಅಲ್ಲಾಟ ನಿಂತರೆ ವೀಲ್ ಬೇರಿಂಗ್ ಸಡಿಲ. ನಿಲ್ಲದಿದ್ದರೆ ಕೆಳಗಿನ ಬಾಲ್ ಜಾಯಿಂಟ್ ನೋಡಿ. ಲೋವರ್ ಆರ್ಮ್ ಮತ್ತು ಸ್ಟೀರಿಂಗ್ ನಕಲ್ (ಚಕ್ರದ ಬೇರಿಂಗ್ ಹೊತ್ತಿರುವ ಗಟ್ಟಿ ಲೋಹದ ಭಾಗ) ನಡುವೆ ಉದ್ದ ಸಲಾಕೆ ಕೊಟ್ಟು ಆರ್ಮನ್ನು ಕೆಳಕ್ಕೆ ಮೀಟಿ. ರಬ್ಬರ್ ಟೋಪಿಯ ಹತ್ತಿರ ಜಾಗ ತೆರೆದು ಮುಚ್ಚಿದರೆ ಬಾಲ್ ಜಾಯಿಂಟ್ ಮುಗಿದಿದೆ. ಇದನ್ನು "ಮುಂದಿನ ತಿಂಗಳು ನೋಡೋಣ" ಅಂತ ಮುಂದೂಡಬೇಡಿ. ಲಿಂಕ್ ರಾಡ್ ಮುರಿದರೆ ಸದ್ದು ಬರುತ್ತದೆ ಅಷ್ಟೇ. ಬಾಲ್ ಜಾಯಿಂಟ್ ಕಿತ್ತುಬಂದರೆ ಚಕ್ರ ಮಡಚಿಕೊಂಡು ಗಾಡಿ ಹತೋಟಿ ತಪ್ಪುತ್ತದೆ.

3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲ ಇದ್ದರೆ ಸ್ಟೀರಿಂಗ್ ಕಡೆ ನೋಡಬೇಕು. ಒಂದು ಕೈಯಿಂದ ಚಕ್ರ ಅಲ್ಲಾಡಿಸುತ್ತಾ ಇನ್ನೊಂದು ಕೈಯನ್ನು ಟೈ ರಾಡ್ ಎಂಡ್ ಮೇಲೆ ಇಡಿ. ಏಟು ಅಲ್ಲಿ ಗೊತ್ತಾಗದಿದ್ದರೆ ಒಳಗೆ, ರ‍್ಯಾಕಿನ ರಬ್ಬರ್ ಬೂಟಿನ ಮೇಲಿಂದ ರ‍್ಯಾಕ್ ಎಂಡ್ ಹಿಡಿದು ನೋಡಿ.

ಲೋವರ್ ಆರ್ಮ್ ಬುಷ್, ಮತ್ತು ಬೋಲ್ಟ್ ಬಿಗಿಯುವ ಕ್ರಮ

ಲೋವರ್ ಆರ್ಮ್‌ಗೆ ಬಾಡಿ ಕಡೆ ಎರಡು ಬುಷ್. ಮುಂದಿನದು ಚಿಕ್ಕದು, ಹಿಂದಿನದು ದಪ್ಪ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಎಳೆಯುವ ಬಲದ ಬಹುಪಾಲನ್ನು ಈ ಬುಷ್‌ಗಳೇ ತಡೆಯುವುದು. ರಬ್ಬರ್ ಹರಿದಿದ್ದರೆ ಆರ್ಮ್ ಹಿಂದೆ ಮುಂದೆ ಹೋಗಿ ಲೋಹಕ್ಕೆ ಬಡಿಯುತ್ತದೆ. ಅದೇ ಆ "ಧಡ್".

ನೋಡುವಾಗ ರಬ್ಬರ್ ಮೇಲಿನ ಸಣ್ಣ ಬಿರುಕು ಕಂಡು ಗಾಬರಿ ಬೇಡ, ವಯಸ್ಸಾದ ರಬ್ಬರ್ ಎಲ್ಲದರಲ್ಲೂ ಅದು ಇರುತ್ತದೆ. ರಬ್ಬರ್ ಒಳಗಿನ ಲೋಹದ ತೋಳಿನಿಂದ ಬಿಟ್ಟುಕೊಂಡಿದೆಯಾ, ಸಲಾಕೆಯಿಂದ ಮೀಟಿದಾಗ ಸೀಳು ಬಾಯಿ ಬಿಡುತ್ತದಾ, ಅದನ್ನು ನೋಡಿ. ಗಾಡಿ ನೆಲದ ಮೇಲಿರುವಾಗ ಒಬ್ಬರು ಒಂದು ಅಡಿ ಮುಂದೆ, ಒಂದು ಅಡಿ ಹಿಂದೆ ಸರಿಸಿ ಬ್ರೇಕ್ ಒತ್ತುತ್ತಿದ್ದರೆ, ದೂರದಲ್ಲಿ ಬದಿಗೆ ಕೂತು ನೋಡುವವರಿಗೆ ಚಕ್ರ ಕಮಾನಿನೊಳಗೆ ಹಿಂದೆ ಮುಂದೆ ಜಿಗಿಯುವುದು ಕಾಣಿಸುತ್ತದೆ. ಎರಡು ಬದಿ ಹೋಲಿಸಿ ನೋಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಬುಷ್ ಮಾತ್ರ ಬದಲಾಯಿಸಲು ಪ್ರೆಸ್ ಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಹೊರಗಿನ ತೋಳು ಸೊಟ್ಟಗಾಗುತ್ತದೆ. ಬಾಲ್ ಜಾಯಿಂಟೂ ಹಳೆಯದಾಗಿದ್ದರೆ ಇಡೀ ಆರ್ಮ್ ತರುವುದೇ ವಾಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಂದೇ ಆರ್ಮ್ ನಾಲ್ಕು ದರದಲ್ಲಿ ಸಿಗುತ್ತದೆ. ಹಳೆಯ ಆರ್ಮನ್ನು ಜೊತೆಗೆ ತೆಗೆದುಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ. ಬುಷ್‌ನ ರಬ್ಬರ್ ಒಳತೋಳಿಗೆ ಸುತ್ತಲೂ ಅಂಟಿದೆಯಾ, ಬೆಸುಗೆ ಒಂದೇ ಸಮ ಇದೆಯಾ, ಬಾಲ್ ಜಾಯಿಂಟ್ ಕೈಯಲ್ಲಿ ತಿರುಗಿಸಿದರೆ ಬಿಗಿಯಾಗಿ ತಿರುಗುತ್ತದಾ ಅಥವಾ ಸಲೀಸಾಗಿ ಜೋತು ಬೀಳುತ್ತದಾ ಅಂತ ಗಮನಿಸಿ. ಬಿಲ್ ಇಲ್ಲದೆ ಕೊಡುವ ಸರಕನ್ನು ಈ ಜಾಗಕ್ಕೆ ತರಬೇಡಿ.

ಈಗ ನಾನು ಎಲ್ಲರಿಗೂ ಒತ್ತಿ ಹೇಳಬೇಕು ಅಂದುಕೊಂಡಿರುವ ಮಾತು. ಲೋವರ್ ಆರ್ಮ್ ಬುಷ್‌ನಲ್ಲಿ ಏನೂ ಜಾರುವುದಿಲ್ಲ. ಬೋಲ್ಟ್ ಬಿಗಿದಾಗ ಒಳಗಿನ ತೋಳು ಬಾಡಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನದು ಆರ್ಮ್‌ಗೆ ಕಚ್ಚಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರ್ ಮಾತ್ರ ತಿರುಚಿಕೊಳ್ಳುತ್ತದೆ. ಗಾಡಿ ಜಾಕ್ ಮೇಲಿರುವಾಗ ಚಕ್ರ ಜೋತುಬಿದ್ದಿರುತ್ತದೆ, ಆರ್ಮ್ ಕೆಳಕ್ಕೆ ಬಾಗಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಪೂರ್ತಿ ಬಿಗಿದರೆ ರಬ್ಬರಿಗೆ ಅದೇ ಆರಾಮದ ಸ್ಥಿತಿ ಆಗುತ್ತದೆ. ಗಾಡಿ ಇಳಿಸಿದ ತಕ್ಷಣ ಆರ್ಮ್ ಮೇಲಕ್ಕೆ ಬರುತ್ತದೆ, ರಬ್ಬರ್ ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡು ನಿಲ್ಲುತ್ತದೆ. ಮನೆ ಮುಂದೆ ನಿಂತಿರುವಾಗಲೂ ಅದಕ್ಕೆ ಬಿಡುವಿಲ್ಲ. ಅದು ಸಾಲದು ಅಂತ ಗುಂಡಿ ಬಂದಾಗ ಇನ್ನಷ್ಟು ತಿರುಚು. ವರ್ಷಗಟ್ಟಲೆ ಬರಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಪಾರ್ಟ್ ಸರಿ ಇಲ್ಲ ಅಂತ ಅಂಗಡಿಯವರ ಜೊತೆ ಜಗಳ.

ಆದ್ದರಿಂದ ಬೋಲ್ಟ್‌ಗಳನ್ನು ಮೊದಲು ಕೈಬಿಗಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಬಿಗಿಯಿರಿ. ಚಕ್ರ ಹಾಕಿ ಗಾಡಿಯನ್ನು ನೆಲಕ್ಕೆ ಇಳಿಸಿ. ಒಂದೆರಡು ಸಲ ಮೂತಿಯನ್ನು ಒತ್ತಿ ಬಿಟ್ಟು, ಸ್ವಲ್ಪ ಹಿಂದೆ ಮುಂದೆ ತಳ್ಳಿ, ಗಾಡಿ ತನ್ನ ಸಹಜ ಎತ್ತರಕ್ಕೆ ಕೂರಲಿ. ಆಮೇಲೆ ಭಾರ ಚಕ್ರದ ಮೇಲೆ ಇರುವಾಗಲೇ ಬೋಲ್ಟ್ ಪೂರ್ತಿ ಬಿಗಿಯಿರಿ. ಕೆಳಗೆ ಕೈ ಹೋಗುವುದಿಲ್ಲ ಅಂದರೆ ಮುಂದಿನ ಎರಡೂ ಚಕ್ರವನ್ನು ಗಟ್ಟಿ ರ‍್ಯಾಂಪ್ ಮೇಲೆ ಹತ್ತಿಸಿ ಮಾಡಬಹುದು. ಗ್ಯಾರೇಜಿನಲ್ಲಿ ಮಾಡಿಸಿದರೂ ಲಿಫ್ಟ್ ಮೇಲೆ ಚಕ್ರ ಜೋತಾಡುವಾಗ ಬಿಗಿಯುತ್ತಿದ್ದಾರಾ ಅಂತ ನಿಂತು ನೋಡಿ, ಬಿಗಿಯುತ್ತಿದ್ದರೆ ಕೇಳಿ. ಹಿಂದಿನ ಟಾರ್ಷನ್ ಬೀಮ್ ಬುಷ್ ಬೋಲ್ಟಿಗೂ ಇದೇ ನಿಯಮ. ಲಿಂಕ್ ರಾಡ್, ಟೈ ರಾಡ್ ಎಂಡ್‌ಗಳಲ್ಲಿ ಬಾಲ್ ಇರುವುದರಿಂದ ಈ ಚಿಂತೆ ಇಲ್ಲ.

ಸ್ಟ್ರಟ್ ಮತ್ತು ಮೇಲಿನ ಮೌಂಟ್

ಮೂತಿಯ ಒಂದು ಮೂಲೆಯನ್ನು ಒತ್ತಿ ಬಿಟ್ಟಾಗ ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಶಾಕ್ ಮುಗಿದಿದೆ. ಆದರೆ ಈ ಪರೀಕ್ಷೆಗೆ ಸಿಕ್ಕಿಬೀಳುವುದು ಪೂರ್ತಿ ಸತ್ತ ಶಾಕ್ ಮಾತ್ರ. ಅರ್ಧ ದಣಿದ ಶಾಕ್ ಇದರಲ್ಲಿ ಪಾಸಾಗುತ್ತದೆ. ಕೊಳವೆಯ ಮೇಲೆ ತೆಳುವಾಗಿ ಧೂಳು ಅಂಟಿದ ಎಣ್ಣೆ ಪಸೆ ಇದ್ದರೆ ಪರವಾಗಿಲ್ಲ. ಒದ್ದೆಯಾಗಿ ಕೆಳಗೆ ಇಳಿದಿದ್ದರೆ ಬದಲಾಯಿಸಿ, ಎರಡೂ ಕಡೆ ಒಟ್ಟಿಗೆ. ಟೈರ್ ಮೇಲೆ ಕೈಯಾಡಿಸಿದಾಗ ತಗ್ಗು ದಿಣ್ಣೆ ಸಿಗುವುದು ಕೂಡ ದಣಿದ ಶಾಕಿನ ಗುರುತು. ದೊಡ್ಡ ಗುಂಡಿಯಲ್ಲಿ ಮಾತ್ರ ಜೋರಾಗಿ ಬಡಿದರೆ ಸ್ಟ್ರಟ್ ಮೇಲಿನ ಬಂಪ್ ಸ್ಟಾಪ್ (ಕೊನೆಯ ಏಟು ತಡೆಯುವ ಮೆತ್ತೆ) ಪುಡಿಯಾಗಿದೆಯಾ ನೋಡಿ. ಧೂಳಿನ ಬೂಟ್ ಮೇಲೆತ್ತಿದರೆ ಹಳದಿ ಪುಡಿಯೋ ಚೂರೋ ಸಿಗುತ್ತದೆ.

ಮೇಲಿನ ಮೌಂಟ್ ನೋಡಲು ಬಾನೆಟ್ ಎತ್ತಿ. ಕೆಲವು ಕಾರುಗಳಲ್ಲಿ ಅದು ವೈಪರ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದಡಿ ಇರುತ್ತದೆ. ಮೌಂಟ್ ಮೇಲೆ ಅಂಗೈ ಇಟ್ಟು, ಒಬ್ಬರಿಗೆ ಸ್ಟೀರಿಂಗ್ ನಿಧಾನಕ್ಕೆ ತಿರುಗಿಸಲು ಹೇಳಿ. ಮ್ಯಾಕ್‌ಫರ್ಸನ್ ಜೋಡಣೆಯಲ್ಲಿ ಸ್ಟೀರಿಂಗ್ ಜೊತೆ ಸ್ಟ್ರಟ್ಟೂ ಸ್ಪ್ರಿಂಗೂ ತಿರುಗುತ್ತವೆ, ಮೇಲೆ ಒಂದು ಬೇರಿಂಗ್ ಅದಕ್ಕೆ ಅವಕಾಶ ಕೊಡುತ್ತದೆ. ಬೇರಿಂಗ್ ತುಕ್ಕು ಹಿಡಿದರೆ ಸ್ಪ್ರಿಂಗ್ ತಿರುಗದೆ ಸುರುಳಿಯಲ್ಲಿ ಬಿಗಿ ಕೂಡಿಕೊಂಡು, ಆಮೇಲೆ ಒಮ್ಮೆಲೇ ಜಾರುತ್ತದೆ. ಆ ಜಿಗಿತ ಅಂಗೈಗೆ ತಿಳಿಯುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಮಾತ್ರ ಯಾವ ಕಾರಣಕ್ಕೂ ಬೆರಳು ಹಾಕಬೇಡಿ.

ಇಲ್ಲಿ ಮನೆಕೆಲಸದ ಗಡಿ ಇದೆ. ಸ್ಟ್ರಟ್ ಮೇಲಿನ ನಡುವಿನ ನಟ್, ಒತ್ತಿಹಿಡಿದ ಸ್ಪ್ರಿಂಗಿಗೆ ಇರುವ ಏಕೈಕ ಬೀಗ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಹಾರಿ ಪ್ರಾಣವನ್ನೇ ತೆಗೆಯಬಹುದು. ಸ್ಟ್ರಟ್ಟನ್ನು ಪೂರ್ತಿಯಾಗಿ ಗಾಡಿಯಿಂದ ಇಳಿಸುವುದು ಮನೆಯಲ್ಲಿ ಆಗುವ ಕೆಲಸ. ಅದನ್ನು ಬಿಚ್ಚಿ ಮೌಂಟ್ ಬದಲಾಯಿಸುವುದಕ್ಕೆ ಒಳ್ಳೆ ಕಂಪ್ರೆಸರ್ ಇರುವ ಗ್ಯಾರೇಜಿಗೆ ಕೈಯಲ್ಲಿ ಹಿಡಿದುಕೊಂಡು ಹೋಗಿ. ಇಳಿಸುವ ಮುಂಚೆ ಬ್ರೇಕ್ ಹೋಸ್ ಹಿಡಿದಿರುವ ಕ್ಲಿಪ್ ಬಿಚ್ಚಿ, ನಕಲ್ ಅನ್ನು ತಂತಿಯಿಂದ ಕಟ್ಟಿ, ಹೋಸ್ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಿ.

ರ‍್ಯಾಕ್ ಸದ್ದು

ಮೇಲಿನದೆಲ್ಲ ಸರಿ ಇದ್ದೂ ಸ್ಟೀರಿಂಗ್ ಕೈಗೆ ಗರಗರ ಬಡಿದರೆ ಕೊನೆಗೆ ರ‍್ಯಾಕ್. ಎಂಜಿನ್ ಆಫ್ ಇಟ್ಟು, ಸ್ಟೀರಿಂಗನ್ನು ಎಡಬಲ ಸ್ವಲ್ಪವೇ, ಬೇಗಬೇಗ ಆಡಿಸುತ್ತಾ ಇನ್ನೊಬ್ಬರು ರ‍್ಯಾಕಿನ ಮೇಲೆ ಕೈ ಇಟ್ಟು ನೋಡಲಿ. ಡ್ಯಾಶ್‌ಬೋರ್ಡ್ ಕೆಳಗೆ ಸ್ಟೀರಿಂಗ್ ಶಾಫ್ಟಿನ ಜಾಯಿಂಟ್ ಇದೆ, ಅದರ ಬೋಲ್ಟ್ ಸಡಿಲವಾದರೂ ಇದೇ ಸದ್ದು. ಅದನ್ನು ಮೊದಲು ನೋಡಿ. ರ‍್ಯಾಕಿನಲ್ಲಿ ಬಿಗಿ ಸರಿಪಡಿಸುವ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿ ಸದ್ದು ನಿಲ್ಲಿಸುವುದು ಸುಲಭ, ಆದರೆ ಜಾಸ್ತಿ ಬಿಗಿದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಘಾಟಿಯಲ್ಲಿ ಅದು ಅಪಾಯ. ಈ ಕೆಲಸ ಗೊತ್ತಿರುವವರಿಗೆ ಬಿಡಿ.

ಹಿಂದಿನಿಂದ ಬಂದರೆ

ಹಿಂದಿನ ಶಾಕಿನ ಮೇಲಿನ ಮತ್ತು ಕೆಳಗಿನ ರಬ್ಬರ್ ಬುಷ್ ಮೊದಲು, ಟಾರ್ಷನ್ ಬೀಮ್ ಬುಷ್ ಆಮೇಲೆ. ಹಿಂದೆ ಇಬ್ಬರು ಕೂತಾಗ ಸದ್ದು ಕಡಿಮೆಯಾಗಿ, ಖಾಲಿ ಇರುವಾಗ ಜಾಸ್ತಿಯಾದರೆ ಶಾಕ್ ಬುಷ್ ಕಡೆಗೇ ಬೆರಳು ಹೋಗುತ್ತದೆ.

ಕೆಲಸ ಮುಗಿದ ಮೇಲೆ

ಚಕ್ರದ ನಟ್ ಎದುರುಬದುರು ಕ್ರಮದಲ್ಲಿ ಬಿಗಿಯಿರಿ. ಈ ಸ್ವಿಫ್ಟ್‌ಗೆ ಅದರ ಬಿಗಿ 85 ನ್ಯೂಟನ್ ಮೀಟರ್. ಪಾನಾ ಮೇಲೆ ಕಾಲಿಟ್ಟು ಹತ್ತುವ ಅಭ್ಯಾಸದಿಂದ ಸ್ಟಡ್ ಹಿಗ್ಗುತ್ತದೆ, ಟಾರ್ಕ್ ರೆಂಚ್ ಬಳಸಿ.

ಲಿಂಕ್ ರಾಡ್, ಡಿ-ಬುಷ್ ಬದಲಾಯಿಸಿದ್ದರೆ ವೀಲ್ ಅಲೈನ್‌ಮೆಂಟ್ ಬೇಕಿಲ್ಲ. ಸ್ಟ್ರಟ್, ಲೋವರ್ ಆರ್ಮ್, ಟೈ ರಾಡ್ ಎಂಡ್, ರ‍್ಯಾಕ್ ಎಂಡ್ ಮುಟ್ಟಿದ್ದರೆ ಬೇಕೇ ಬೇಕು. ಟೈ ರಾಡ್ ಎಂಡ್ ತೆಗೆಯುವ ಮುಂಚೆ ಲಾಕ್ ನಟ್ ಇರುವ ಜಾಗಕ್ಕೆ ಬಿಳಿ ಪೇಂಟಿನ ಗುರುತು ಹಾಕಿ, ಎಷ್ಟು ಸುತ್ತು ತಿರುಗಿಸಿದ ಮೇಲೆ ಬಿಚ್ಚಿಬಂತು ಅಂತ ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಅಲೈನ್‌ಮೆಂಟ್ ಅಂಗಡಿ ತಲುಪುವವರೆಗೆ ಟೈರ್ ಉಜ್ಜಿಹೋಗದೆ ಉಳಿಯುತ್ತದೆ. ಸ್ಟ್ರಟ್ ಮತ್ತು ನಕಲ್ ಸೇರುವ ಎರಡು ಬೋಲ್ಟ್‌ಗಳ ಸುತ್ತಲೂ ಅದೇ ಥರ ಗುರುತು ಹಾಕಿಡಿ.

ಮೊದಲ ವಾರ ಓಡಿಸಿದ ಮೇಲೆ ಬಿಚ್ಚಿ ಹಾಕಿದ ಪ್ರತಿ ನಟ್‌ಗೂ ಮತ್ತೊಮ್ಮೆ ಪಾನಾ ಇಟ್ಟು ನೋಡಿ. ಆಮೇಲೆ ಅದೇ ಕೆಟ್ಟ ರಸ್ತೆಗೆ, ಅದೇ ವೇಗದಲ್ಲಿ, ಕಿಟಕಿ ಇಳಿಸಿಕೊಂಡು ಹೋಗಿ ಬನ್ನಿ. ಒಂದು ಸದ್ದು ನಿಂತ ಮೇಲೆ, ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಸಣ್ಣ ಸದ್ದು ಈಗ ಕೇಳಿಸಬಹುದು. ಹೊಸ ಪಾರ್ಟ್ ಕೆಟ್ಟಿತು ಅಂತ ತಕ್ಷಣ ಅಂದುಕೊಳ್ಳಬೇಡಿ. ಅದು ಯಾವಾಗ ಬರುತ್ತದೆ ಅಂತ ನೋಟ್‌ಬುಕ್‌ನಲ್ಲಿ ಹೊಸ ಸಾಲು ಬರೆದು, ಬ್ರೇಕ್ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.